ಮುಕುಂದಯ್ಯನ ಬಳ್ಳಿ, ವೆಂಕಮ್ಮನ ನೂರೊಂದು ಕುಡಿ

ನಮ್ಮ ಬಡಾವಣೆಯ ಬೋರ್ಡಿನ ಮೇಲೆ ‘ಗ್ರೀನ್ ವ್ಯಾಲಿ’ ಎಂದು ಬರೆದಿದೆ. ಕಣಿವೆ ಇಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಹಸಿರು ಇತ್ತು, ಅದನ್ನು ಜೆಸಿಬಿ ತಂದು ಎತ್ತಿಹಾಕಿದ ಮೇಲೆಯೇ ಬೋರ್ಡು ನಿಲ್ಲಿಸಿದ್ದು. ಆನಂದಪುರ ದಾಟಿ ಸಾಗರದ ಕಡೆ ಹೊರಟರೆ ಎಡಕ್ಕೆ ಕಾಣುವ ಹನ್ನೊಂದು ಮನೆಗಳು ನಮ್ಮವು. ರಿಟೈರಾದವರು, ನೌಕರಿಯಲ್ಲಿರುವವರು, ಎಲ್ಲರೂ ಓದಿಕೊಂಡವರೇ. ನಾನೊಬ್ಬ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಆದರೂ ಅವರ ಸಾಲಿನಲ್ಲೇ ಸೈಟು ತೆಗೆದುಕೊಂಡೆನೆಂದು ಬಹಳ ದಿನ ಬೀಗಿದ್ದೇನೆ.

ಈ ಹನ್ನೊಂದು ಮನೆಗಳ ತಳಪಾಯದ ಕೆಳಗಿರುವುದು ವೆಂಕಮ್ಮನವರ ಗಂಡನ ಮನೆಯ ಗದ್ದೆ. ಗೇಣಿಗೆ ಮಾಡುತ್ತಿದ್ದ ಭೂಮಿ ಮಾವನ ಕಾಲದಲ್ಲಿ ಸ್ವಂತದ್ದಾಯಿತು, ಮೈದುನರ ಪಾಲಿಗೆ ಹೋಗಿ ಸೈಟುಗಳಾಯಿತು. ವೆಂಕಮ್ಮನವರಿಗೆ ಉಳಿದದ್ದು ಬಡಾವಣೆಯ ಕೆಳಬದಿಗೆ, ಚರಂಡಿಯ ಆಚೆ ಒಂದು ಹೆಂಚಿನ ಮನೆ, ಎರಡು ದನದ ಕೊಟ್ಟಿಗೆ, ಹಿಂದುಗಡೆ ನಾಲ್ಕು ಗುಂಟೆ ಹಿತ್ತಲು. ಗಂಡ ಕೆರಿಯಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ ದಿನೇಶ್ ಗೂಡ್ಸ್ ಆಟೋ ಓಡಿಸುತ್ತಾನೆ. ವೆಂಕಮ್ಮನವರಿಗೆ ಈಗ ಅರವತ್ತೆಂಟು. ಆಳು ಸಣ್ಣ, ಬಾಯಿ ದೊಡ್ಡದು. ಯಾರ ಮನೆಯ ಕಾಂಪೌಂಡ್ ನೋಡಿದರೂ ಅವರಿಗೆ ನಗು ಬರುತ್ತಿತ್ತು. ‘ಇಷ್ಟೆತ್ರ ಗೋಡೆ ಕಟ್ಟಿ ಒಳಗೆ ಎಂಥ ಸಾಕಿದೀರಿ ಮಾರಾಯ್ರೇ, ಹುಲಿಯಾ?’ ಎಂದು ನನ್ನನ್ನೇ ಕೇಳಿದ್ದಾರೆ.

ಆ ಹಿತ್ತಲನ್ನು ನಾವು ಯಾರೂ ಹಿತ್ತಲೆಂದು ಎಣಿಸಿರಲಿಲ್ಲ. ನೋಡಿದರೆ ಬರೀ ಕಳೆ. ಅದರ ಗುಟ್ಟು ತಿಳಿಯುತ್ತಿದ್ದುದು ವರ್ಷಕ್ಕೊಂದು ದಿನ, ಭೂಮಿ ಹುಣ್ಣಿಮೆಗೆ. ಗದ್ದೆಯಲ್ಲಿ ಬತ್ತ ಹೊಡೆ ತುಂಬುವ ಕಾಲಕ್ಕೆ ಭೂಮಿಯನ್ನು ಬಸುರಿಯೆಂದು ತಿಳಿದು ಬಯಕೆ ಊಟ ಬಡಿಸುವ ಹಬ್ಬ ಅದು. ನೂರೊಂದು ಜಾತಿಯ ಸೊಪ್ಪಿನ ಕುಡಿ ಕಿತ್ತು, ಬೇಯಿಸಿ, ಅನ್ನದ ಜೊತೆ ಕಲಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ಬೆಳಗಿನ ಜಾವ ನೆಲಕ್ಕೆ ಎರಚುತ್ತಾರೆ. ಎರಚುವ ಆ ಅನ್ನಕ್ಕೆ ಚರಗ ಎನ್ನುತ್ತಾರೆ. ಬೇರೆಯವರು ನೂರೊಂದು ಎಂದು ಬಾಯಲ್ಲಿ ಹೇಳಿ ಇಪ್ಪತ್ತೋ ಮೂವತ್ತೋ ಕಿತ್ತು ಮುಗಿಸುತ್ತಾರೆ. ವೆಂಕಮ್ಮ ಹಾಗಲ್ಲ. ಅತ್ತೆ ಕೊಟ್ಟ ಒಂದು ತಗಡಿನ ಡಬ್ಬಿಯಲ್ಲಿ ನೂರೊಂದು ಹುಣಸೆಬೀಜ ಇಟ್ಟಿದ್ದರು. ಒಂದೊಂದು ಹೊಸ ಕುಡಿ ಮುರಿದಾಗಲೂ ಒಂದು ಬೀಜ ಡಬ್ಬಿಯಿಂದ ಸೆರಗಿಗೆ ಬೀಳಬೇಕು. ಒಂದೆಲಗ, ಹೊನಗೊನ್ನೆ, ಚಗಟೆ, ನೆಲನೆಲ್ಲಿ, ಕೆಸು, ಅಮೃತಬಳ್ಳಿ, ಹಾಗಲ ಕುಡಿ, ಹೆಸರೇ ಇಲ್ಲದ ಇನ್ನೆಷ್ಟೋ. ಮದುವೆಯಾಗಿ ಬಂದ ವರ್ಷದಿಂದ ಡಬ್ಬಿಯಲ್ಲಿ ಒಂದು ಬೀಜವೂ ಉಳಿದಿರಲಿಲ್ಲ, ಹಿತ್ತಲಿನ ಬೇಲಿ ದಾಟಿ ಕುಡಿ ಹುಡುಕಿದ್ದೂ ಇಲ್ಲ. ಆ ಜಂಬ ಅವರಿಗೆ ಬೇಕಾದಷ್ಟಿತ್ತು. ಬುಟ್ಟಿ ಹೊರುವುದು, ಎರಚುವುದು ಗಂಡಸರ ಕೆಲಸ. ಗಂಡ ಹೋದ ಮೇಲೆ ಹೊರುವುದನ್ನು ಮಾತ್ರ ಮಗನಿಗೆ ಬಿಟ್ಟು, ಎರಚುವುದನ್ನು ತಾವೇ ಇಟ್ಟುಕೊಂಡರು. ತಮ್ಮ ಹಿತ್ತಲಿಗೆ ಎರಚಿ, ಚರಂಡಿ ದಾಟಿ, ನಮ್ಮ ಹನ್ನೊಂದು ಮನೆಗಳ ಅಂಗಳಕ್ಕೂ ಒಂದೊಂದು ಹಿಡಿ ಎಸೆದು ಹೋಗುತ್ತಿದ್ದರು. ಮೆಟ್ಟಿಲು ಕೊಳೆಯಾಯಿತೆಂದು ನಾವು ಪೈಪು ಹಿಡಿದು ತೊಳೆಯುತ್ತಿದ್ದೆವು.

ಇನ್ನು ಮುಕುಂದಯ್ಯನವರು. ರಿಟೈರಾದ ಹೆಡ್ಮೇಷ್ಟ್ರು, ಮೂರನೇ ನಂಬರಿನ ಮನೆ. ಗೊತ್ತಿಲ್ಲ ಎಂಬ ಮಾತು ಅವರ ಬಾಯಲ್ಲಿ ಯಾರೂ ಕೇಳಿಲ್ಲ. ತೀರ್ಥಹಳ್ಳಿ ಕಡೆ ಯಾವುದೋ ರೆಸಾರ್ಟಿನಲ್ಲಿ ಮದುವೆ ಊಟಕ್ಕೆ ಹೋದವರು ಅಲ್ಲಿನ ಅಂಗಳದಿಂದ ಹಳದಿ ಹೂವಿನ ಒಂದು ಬಳ್ಳಿಯನ್ನು ತಾಂಬೂಲದ ಚೀಲದಲ್ಲಿ ಹಾಕಿಕೊಂಡು ಬಂದರು. ಸಿಂಗಾಪುರ ಡೈಸಿಯಂತೆ. ನೀರು ಬೇಡ, ಗೊಬ್ಬರ ಬೇಡ, ಆರು ತಿಂಗಳಲ್ಲಿ ಅಂಗಳವೆಲ್ಲ ಲಾನ್ ಎಂದರು. ಆರು ತಿಂಗಳು ಬೇಕಾಗಲಿಲ್ಲ. ನಮ್ಮ ಕಡೆ ಹೆಂಗಸರು ಯಾರ ಮನೆಗೆ ಹೋದರೂ ಕುಂಕುಮದ ಜೊತೆ ಒಂದು ಗಿಡದ ಗೆಲ್ಲು ಇಸಿದುಕೊಳ್ಳದೆ ಮೆಟ್ಟಿಲಿಳಿಯುವುದಿಲ್ಲ. ನನ್ನ ಹೆಂಡತಿ ಪ್ರತಿಮಾ ಇಳಿಯುತ್ತಾಳೆಯೇ? ವರ್ಷ ತಿರುಗುವುದರೊಳಗೆ ಹನ್ನೊಂದು ಅಂಗಳವೂ ಹಳದಿಯಾಯಿತು. ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ ಹಾಕಿದ್ದೆ. ಆ ಫೋಟೋ ಈಗಲೂ ಫೋನಿನಲ್ಲಿದೆ, ನೋಡಿದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಬಳ್ಳಿ ಮೆಟ್ಟಿಲೇರತೊಡಗಿದಾಗ ಮುಕುಂದಯ್ಯ ಭಾನುವಾರ ಭಾನುವಾರ ಕತ್ತರಿ ಹಿಡಿದು ಕೂತರು. ಕತ್ತರಿಸಿದ ರಾಶಿಯನ್ನು ಎಲ್ಲಿ ಹಾಕುವುದು? ಗೇಟಿನ ಮುಂದೆ ಹಾಲು ಕೊಡಲು ಬಂದ ವೆಂಕಮ್ಮನವರನ್ನು ಕಂಡು ಉದಾರಿಯಾದರು.

‘ವೆಂಕಮ್ಮಾ, ಕೊಟ್ಟಿಗೆಗೆ ಸೊಪ್ಪು ಬೇಕಾದ್ರೆ ತಗಂಡ್ ಹೋಗು.’

ಕೊಟ್ಟಿಗೆಗೆ ಸೊಪ್ಪು ಎಂದರೆ ನಮ್ಮ ಕಡೆ ಯಾರೂ ಬೇಡ ಎನ್ನುವುದಿಲ್ಲ. ದನದ ಕಾಲಡಿಗೆ ಸೊಪ್ಪು ಹಾಸಿ, ಸಗಣಿ ಗಂಜಳದಲ್ಲಿ ತುಳಿಸಿ, ಗುಂಡಿಗೆ ಹಾಕಿ ಕೊಳೆಸಿದರೆ ಅದೇ ಗೊಬ್ಬರ. ಅದಕ್ಕಾಗಿ ಗುಡ್ಡ ಹತ್ತಬೇಕಿದ್ದ ವೆಂಕಮ್ಮನವರಿಗೆ ಮನೆ ಬಾಗಿಲಿಗೇ ಹೊರೆ ಹೊರೆ ಸೊಪ್ಪು ಸಿಕ್ಕಿತು. ದಿನೇಶ್ ಒಮ್ಮೆ, ‘ಅವ್ವಾ, ಇದನ್ನ ದನ ಮೂಸೂ ನೋಡಲ್ಲ, ಯಾಕೋ ಸರಿ ಕಾಣಲ್ಲ’ ಎಂದನಂತೆ. ‘ಗೊಬ್ಬರದ ಕತೆ ನಂಗೆ ಹೇಳಾಕ್ ಬರ್ಬೇಡ, ನೀನು ಟೈರಿನ ಗಾಳಿ ನೋಡ್ಕ’ ಎಂದು ಅವನ ಬಾಯಿ ಮುಚ್ಚಿಸಿದರು. ಓದಿದವರಿಗೆ ಚೆನ್ನಾಗಿ ಟೋಪಿ ಹಾಕಿ ಸೊಪ್ಪು ಹೊಡೆದೆ ಎಂದು ಅವರಿಗೆ ಒಳಗೊಳಗೇ ಖುಷಿ. ಎರಡು ವರ್ಷ ಹೊತ್ತರು.

ಎರಡನೇ ವರ್ಷ ಮೇ ತಿಂಗಳಲ್ಲಿ ಮಳೆ ಬೇಗ ಬರುವ ಸೂಚನೆ ಕಂಡಿತು. ವೆಂಕಮ್ಮ ಅವಸರಕ್ಕೆ ಬಿದ್ದು, ಗುಂಡಿಯ ಮೇಲ್ಪದರದ ಅರೆಬೆಂದ ಗೊಬ್ಬರವನ್ನೂ ಬಾಚಿ ಹಿತ್ತಲಿಗೆಲ್ಲ ಹರಡಿದರು. ಆ ಬಳ್ಳಿಗೆ ಬೀಜ ಬೇಕಾಗಿಲ್ಲ. ಬೆರಳುದ್ದದ ತುಂಡಿನಲ್ಲಿ ಒಂದು ಗಿಣ್ಣಿದ್ದರೆ ಅಲ್ಲೇ ಬೇರು ಬಿಡುತ್ತದೆ. ಜೂನ್ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಚಿಗುರು, ಆಗಸ್ಟಿಗೆ ಚಾಪೆ. ಸೆಪ್ಟೆಂಬರಿನಲ್ಲಿ ನಾಲ್ಕು ಗುಂಟೆಯೂ ನಮ್ಮ ಅಂಗಳಗಳ ಹಾಗೆ ಹಳದಿ ಹಳದಿ. ಪ್ರತಿಮಾ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, ‘ಈಗ ಚಂದ ಕಾಣತ್ತಪ್ಪ ವೆಂಕಮ್ಮನ ಹಿತ್ಲು’ ಎಂದಳು.

ಆ ವರ್ಷದ ಭೂಮಿ ಹುಣ್ಣಿಮೆಯ ಹಿಂದಿನ ದಿನ ನಾನು ಅಂಗಡಿಗೆ ಹೊರಟಿದ್ದೆ. ವೆಂಕಮ್ಮ ಹಿತ್ತಲಿನ ನಡುವೆ ಕುಕ್ಕರಗಾಲಿನಲ್ಲಿ ಕೂತು ಬಳ್ಳಿಯನ್ನು ಎರಡೂ ಕೈಯಲ್ಲಿ ಬಗೆದು ಬಗೆದು ಕೆಳಗೆ ನೋಡುತ್ತಿದ್ದರು. ಬಳ್ಳಿಯ ಕೆಳಗೆ ಬಿಸಿಲು ಕಾಣದ ಬೋಳು ಮಣ್ಣು. ಒಂದೆಲಗವಿಲ್ಲ, ಹೊನಗೊನ್ನೆಯಿಲ್ಲ. ಸಂಜೆ ನಾನು ವಾಪಸು ಬಂದಾಗಲೂ ಅವರು ಅಲ್ಲೇ ಇದ್ದರು. ಡಬ್ಬಿ ಅಲ್ಲಾಡಿಸಿದರು. ಬೀಜಗಳ ಸದ್ದು ರಸ್ತೆಯವರೆಗೂ ಕೇಳಿತು.

‘ಸಿಕ್ಕಿದ್ದು ಮೂವತ್ತೆಂಟೇ’ ಎಂದರು. ‘ನಮ್ಮತ್ತೆ ಇದ್ದಿದ್ರೆ ಕೆರ ತಗಂಡ್ ಹೊಡೀತಿದ್ಲು.’

ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಮುಕುಂದಯ್ಯನವರು ವಿಷಯ ಕೇಳಿ ಕೋಲೂರಿ ನಿಂತರು. ಸಲಹೆ ಕೊಡದಿದ್ದರೆ ಅವರಿಗೆ ರಾತ್ರಿ ಊಟ ಸೇರುವುದಿಲ್ಲ.

‘ಅಷ್ಟಕ್ಕೆ ಯಾಕೆ ಚಿಂತೆ? ಇದೇ ಬಳ್ಳೀದು ನೂರೊಂದು ಕುಡಿ ಕಿತ್ತು ಹಾಕು. ಲೆಕ್ಕ ಸರಿಯಾಯ್ತಲ್ಲ?’

ವೆಂಕಮ್ಮ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ‘ಹೌದಾ ಮೇಷ್ಟ್ರೇ? ನಿಮ್ಮ ಶಾಲೇಲಿ ನೂರೊಂದು ಮಕ್ಕಳ ಹಾಜ್ರಿ ಒಬ್ಬನೇ ಕೂಗ್ತಿದ್ನಾ?’

ಮುಕುಂದಯ್ಯನವರಿಗೆ ವಾಕಿಂಗ್ ಇನ್ನೂ ಬಾಕಿಯಿರುವುದು ನೆನಪಾಯಿತು. ಅಂದಿನಿಂದ ವೆಂಕಮ್ಮ ಆ ಗಿಡಕ್ಕೆ ‘ಮುಕುಂದಯ್ಯನ ಬಳ್ಳಿ’ ಎಂದೇ ಹೆಸರಿಟ್ಟರು. ಈಗ ಆನಂದಪುರದ ಸಂತೆಯಲ್ಲೂ ಅದೇ ಹೆಸರು. ಮೂವತ್ತಾರು ವರ್ಷ ಪಾಠ ಮಾಡಿ ಸಂಪಾದಿಸದ ಕೀರ್ತಿ ಅವರಿಗೆ ಹೀಗೆ ಬಂತು. ಆದರೆ ಬೈಗುಳವನ್ನೆಲ್ಲ ಮೇಷ್ಟ್ರಿಗೇ ಕೊಟ್ಟು ತಾವು ತಪ್ಪಿಸಿಕೊಂಡವರಲ್ಲ ವೆಂಕಮ್ಮ. ‘ತಂದು ನೆಟ್ಟ ದಡ್ಡ ಅವ್ನು. ತಲೆ ಮೇಲೆ ಹೊತ್ತು ತಂದು ಗೊಬ್ರ ಹಾಕಿ ಸಾಕಿದ ದಡ್ಡಿ ನಾನು’ ಎಂದು ಹಾಲು ಹಾಕುವ ಮನೆಯಲ್ಲೆಲ್ಲ ಹೇಳಿಕೊಂಡು ಬಂದರು.

ದಿನೇಶ್ ಕಳೆ ಸಾಯಿಸುವ ಔಷಧಿ ತಂದ. ಪಂಪು ಬೆನ್ನಿಗೆ ಕಟ್ಟಿಕೊಂಡವನನ್ನು ವೆಂಕಮ್ಮ ಕೊಟ್ಟಿಗೆ ಬಾಗಿಲಲ್ಲೇ ತಡೆದರು. ಬಳ್ಳಿಯ ಜೊತೆ ಉಳಿದ ಮೂವತ್ತೆಂಟೂ ಸಾಯುತ್ತವೆ ಎಂಬುದು ಅವರ ವಾದ. ನವೆಂಬರಿನಲ್ಲಿ ಗುದ್ದಲಿ ಹಿಡಿದರು. ದಿನಕ್ಕೆ ಒಂದು ಚಾಪೆಯಗಲದಷ್ಟು ನೆಲ. ಗಿಣ್ಣು ಗಿಣ್ಣಿಗೂ ಬೇರು, ಒಂದು ಹರಿದು ಒಳಗೆ ಉಳಿದರೆ ಮತ್ತೆ ಮೊದಲಿನಿಂದ. ಕಿತ್ತದ್ದನ್ನು ನೆಲಕ್ಕೆ ಹಾಕುವಂತಿಲ್ಲ, ಕೊಟ್ಟಿಗೆಯ ತಗಡಿನ ಮೇಲೆ ಹರಡಿ, ಮುರಿದರೆ ಚಟ್ಟೆನ್ನುವ ತನಕ ಒಣಗಿಸಿ, ಆಮೇಲೆ ಬೆಂಕಿ. ಮಾಡಿನ ಮೇಲೆ ಸೊಪ್ಪು ಒಣಗಿಸುವ ಮುದುಕಿಯನ್ನು ನೋಡಿ ನಾವು ಹನ್ನೊಂದು ಮನೆಯವರೂ ನಕ್ಕೆವು. ಹಿತ್ತಲಿಗೆ ಯಾರು ಕಾಲಿಟ್ಟರೂ ಚಪ್ಪಲಿ ತಿರುಗಿಸಿ ನೋಡುತ್ತಿದ್ದರು, ದನದ ಗೊರಸನ್ನೂ ಬಿಡುತ್ತಿರಲಿಲ್ಲ. ಪ್ರತಿಮಾ ಒಮ್ಮೆ ಚಪ್ಪಲಿಯ ತಪಾಸಣೆಗೆ ಸಿಟ್ಟಾಗಿ ಒಂದು ತಿಂಗಳು ಪ್ಯಾಕೆಟ್ ಹಾಲು ತಂದಳು.

ಅಷ್ಟರಲ್ಲಿ ನಮ್ಮ ಅಂಗಳಗಳಲ್ಲೂ ಬಳ್ಳಿ ನೀರಿನ ಮೀಟರಿನ ಗುಂಡಿ ಹೊಕ್ಕಿತು, ತುಳಸಿಕಟ್ಟೆ ಮುಚ್ಚಿತು. ನಾವು ಓದಿದವರಲ್ಲವೇ, ಮೀಟಿಂಗ್ ಮಾಡಿದೆವು. ಮಣ್ಣಿದ್ದರೆ ತಾನೇ ಗಿಡ ಎಂದು ಮುಕುಂದಯ್ಯನವರು ಮಂಡಿಸಿದರು. ಚಪ್ಪಾಳೆ ಬಿತ್ತು. ಮಾರ್ಚಿನೊಳಗೆ ಹನ್ನೊಂದು ಅಂಗಳಕ್ಕೂ ಗೋಡೆಯಿಂದ ಗೋಡೆಗೆ ಸಿಮೆಂಟಿನ ಟೈಲು ಬಂತು. ತುಳಸಿ ಪ್ಲಾಸ್ಟಿಕ್ ಕುಂಡಕ್ಕೆ ಹೋಯಿತು. ಬಳ್ಳಿ ಏನು ಮಾಡಿತು? ಎರಡು ಮಳೆ ಬಿದ್ದದ್ದೇ ಟೈಲಿನ ಸಂದಿಯಿಂದ ತಲೆ ಹಾಕಿತು. ಈಗ ಮುಕುಂದಯ್ಯನವರು ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸ್ಕ್ರೂಡ್ರೈವರಿನಿಂದ ಸಂದಿ ಕೆರೆಯುತ್ತಾರೆ. ಕೆರೆದ ತುಂಡುಗಳನ್ನು ಚರಂಡಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಚರಂಡಿ ಹರಿಯುವುದು ವೆಂಕಮ್ಮನವರ ಹಿತ್ತಲ ಬದಿಗೇ. ಹೇಳಿ ಸಾಕಾಗಿ ಅವರು ಚರಂಡಿಯ ಬಾಯಿಗೆ ಹಳೆಯ ಮೀನುಬಲೆ ಕಟ್ಟಿದರು. ಮಳೆಗಾಲ ಪೂರ್ತಿ ದಿನಕ್ಕೆರಡು ಸಲ ಬಲೆ ಎತ್ತಿ ಬಳ್ಳಿಯ ತುಂಡು ಆರಿಸಿದರು. ನಾನು ಅಂಗಡಿಗೆ ಹೋಗುವಾಗ ದಿನವೂ ನೋಡಿದ್ದೇನೆ. ಒಂದು ದಿನವೂ ಗಾಡಿ ನಿಲ್ಲಿಸಿ ಇಳಿಯಲಿಲ್ಲ.

ಈ ವರ್ಷದ ಹುಣ್ಣಿಮೆ ಬಂತು. ಬೆಳಕು ಹರಿಯುವ ಹೊತ್ತಿಗೆ ನಾನು ಟೀ ಲೋಟ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಕೆಳಗೆ ಹಿತ್ತಲು ಕಾಣುತ್ತಿತ್ತು. ಅರ್ಧಕ್ಕಿಂತ ಹೆಚ್ಚು ನೆಲ ಮತ್ತೆ ಮೊದಲಿನ ಹಾಗೆ ಬರೀ ಕಳೆ. ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ದಿನೇಶ್ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ, ವೆಂಕಮ್ಮ ಹಿಂದೆ. ಹಿತ್ತಲಿಗೆಲ್ಲ ಎರಚಿ, ಚರಂಡಿ ದಾಟಿ ಬಡಾವಣೆಗೆ ಹತ್ತಿದರು. ಮುಕುಂದಯ್ಯನವರ ಗೇಟಿನ ಮುಂದೆ ನಿಂತು ಒಳಗೆ ನೋಡಿ, ಏನೂ ಎರಚದೆ ಮುಂದೆ ನಡೆದರು.

ಸ್ಟೂಲಿನಿಂದ ಮೇಷ್ಟ್ರು ಕೂಗಿದರು. ‘ಯಾಕ್ ವೆಂಕಮ್ಮಾ, ಈ ಸಲ ನಮ್ಮನೆ ಬಿಟ್ಟೆ?’

‘ಇದು ಬಸುರಿಗೆ ಬಡಿಸಾ ಊಟ ಮೇಷ್ಟ್ರೇ. ಎಲ್ಲಿದಾಳೆ ತೋರ್ಸಿ, ಬಡಿಸ್ತೀನಿ.’

‘ಕೆಳಗಿದಾಳಲ್ಲ’ ಎಂದು ಮೇಷ್ಟ್ರು ಟೈಲಿನ ಮೇಲೆ ಸ್ಕ್ರೂಡ್ರೈವರ್ ತಟ್ಟಿ ನಕ್ಕರು.

‘ಬಾಗ್ಲು ಹಾಕಿ ಮೊಳೆ ಹೊಡ್ದು, ಊಟಕ್ಕೆ ಕರೀತೀರಲ್ಲ!’

ನನ್ನ ಗೇಟಿಗೆ ಬಂದಾಗ ನಾನು ಮಾತಾಡಿಸಲೇಬೇಕಾಯಿತು. ಎಷ್ಟು ಸಿಕ್ಕಿತೆಂದು ಕೇಳಿದೆ.

‘ಅರವತ್ತಾರು.’

‘ನೂರೊಂದು ಅಂದ್ರೆ ಆಯ್ತಪ್ಪ, ಯಾರು ಎಣಿಸ್ತಾರೆ ಅಮ್ಮಾ?’ ಎಂದೆ. ಸಮಾಧಾನ ಹೇಳುತ್ತಿದ್ದೇನೆಂದು ತಿಳಿದಿದ್ದೆ.

‘ಉಣ್ಣೋಳು ಎಣಿಸ್ತಾಳೆ’ ಎಂದರು.

ನನ್ನ ಅಂಗಳವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಚರಗ ತೆಗೆದು, ನನ್ನ ಬಲಗೈ ಎಳೆದು ಅಂಗೈಯ ಮೇಲಿಟ್ಟರು. ‘ಇಲ್ಲಿ ಉಣ್ಣಾಕೆ ನೀನೊಬ್ಬನೇ ಉಳ್ದಿರದು ತಮ್ಮ. ಉಣ್ಣು’ ಎಂದು ಹೇಳಿ ಮುಂದಿನ ಮನೆಯತ್ತ ಹೋದರು. ಅಲ್ಲಿಯೂ ಏನೂ ಎರಚಲಿಲ್ಲ.

ಅನ್ನ ಇನ್ನೂ ಬೆಚ್ಚಗಿತ್ತು. ಗೇಟು ಹಾಕಿ ಒಳಗೆ ಬಂದು ಅದನ್ನು ಇಡಲು ಜಾಗ ನೋಡಿದೆ. ಸೈಟಿನ ನಾಲ್ಕೂ ಮೂಲೆಗೆ ಹೋಗಿ ಬಂದೆ. ಮಣ್ಣು ಕಂಡದ್ದು ಒಂದೇ ಕಡೆ, ಕಾರ್ ಶೆಡ್ಡಿನ ಹತ್ತಿರ ಟೈಲು ಎದ್ದ ಬೆರಳಗಲದ ಸಂದಿಯಲ್ಲಿ. ಅಲ್ಲಿ ಮುಕುಂದಯ್ಯನ ಬಳ್ಳಿ ಹೂ ಬಿಟ್ಟಿತ್ತು. ಪ್ರತಿಮಾ ಬಾಗಿಲಿಗೆ ಬಂದು, ‘ಎಂಥದ್ರೀ ಅದು ಕೈಲಿ?’ ಎಂದು ಕೇಳಿದಳು.

ಏನೂ ಇಲ್ಲ ಎಂದು ಹೇಳಿ, ಅವಳಿಗೆ ಬೆನ್ನು ಮಾಡಿ ನಿಂತು, ನಾನೇ ತಿಂದೆ.