ಡೀಸೆಲ್ ಲೈನಿಗೆ ಹಾಕಿದ ಔಷಧಿ ಪೈಪು

ನನ್ನ ಜೀಪು ಹಳೆಯದು. ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಸಣ್ಣಪುಟ್ಟ ರಿಪೇರಿಯನ್ನೆಲ್ಲ ನಾನೇ ಮನೆಯಲ್ಲಿ ಮಾಡಿಕೊಳ್ಳುತ್ತ ಬಂದವನು. ಅಂಥ ಒಂದು ರಿಪೇರಿಯಲ್ಲಿ ನನ್ನಿಂದ ಆದ ತಪ್ಪನ್ನು ಬರೆಯುತ್ತಿದ್ದೇನೆ.

ಒಂದು ಶನಿವಾರ ಬೆಳಿಗ್ಗೆ ಜೀಪಿನ ಕೆಳಗೆ ನೆಲದ ಮೇಲೆ ಅಂಗೈಯಗಲದ ಕಲೆ ಕಂಡಿತು. ಬೆರಳಿಗೆ ಹಚ್ಚಿ ಮೂಸಿದೆ. ಡೀಸೆಲ್. ಜೀಪಿನಡಿ ಹೊಕ್ಕು ನೋಡಿದರೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಒಣಗಿದ ತೊಗಟೆಯ ಹಾಗೆ ಬಿರಿದಿತ್ತು. ಫಿಲ್ಟರ್ ಬದಲಿಸಿಯೂ ಬಹಳ ದಿನವಾಗಿತ್ತು.

ಬೇರೆ ಯಾರಿಗಾದರೂ ಇದು ನಾಲ್ಕು ದಿನ ಜೀಪು ನಿಲ್ಲಿಸಿಟ್ಟರೆ ಮುಗಿಯುವ ವಿಷಯ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ಅಕ್ಕನನ್ನು ಶಿರಸಿಗೆ ಕರೆದುಕೊಂಡು ಹೋಗಬೇಕಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಇಡಗುಂದಿಗೆ ಮದುವೆಯಾಗಿ ಹೋದವಳು. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ, ಇಲ್ಲಿಂದ ಶಿರಸಿ ಹತ್ತಿರವೆಂದು ನಮ್ಮ ಮನೆಯಲ್ಲೇ ಇದ್ದಾಳೆ. ಭಾವ ಅಲ್ಲಿ ಗದ್ದೆ, ದನ ನೋಡಿಕೊಂಡಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಅವಳಿಗೆ ಡಯಾಲಿಸಿಸ್. ಏಳೂವರೆಗೆ ಅವಳ ಪಾಳಿ. ಅರ್ಧ ಗಂಟೆ ಕಾಯುತ್ತಾರೆ, ಆಮೇಲೆ ಮಷಿನ್ ಮುಂದಿನವರಿಗೆ ಹೋಗುತ್ತದೆ. ಸೋಮವಾರ ಸಂಜೆಯ ಹೊತ್ತಿಗೆ ಅವಳ ಪಾದ ಊದಿ ಚಪ್ಪಲಿಯೊಳಗೆ ಹೋಗುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ. ಬಸ್ಸಿನ ಮೆಟ್ಟಿಲು ಹತ್ತುವುದು, ಹತ್ತಿ ನಿಲ್ಲುವುದು ಅವಳಿಂದ ಆಗದ ಮಾತು.

ಶಿರಸಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಬನವಾಸಿ ಕಡೆಯವರು. ಹಿಂದೆ ವಾಲಗದ ಸದ್ದು ಕೇಳುತ್ತಿತ್ತು.

"ನಾ ಲಗ್ನದಾಗ ಅದೀನ್ರಿ. ಬುಧವಾರ ಬರ್ತೀನಿ. ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ."

ಬಾಡಿಗೆ ಗಾಡಿಗೆ ದುಡ್ಡು ಹಾಕುವ ಬದಲು ನಾನೇ ರಿಪೇರಿ ಮಾಡಿದರಾಯಿತು ಎಂದುಕೊಂಡೆ. ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಹೊಸ ಫಿಲ್ಟರ್ ಮತ್ತು ಎರಡು ತಾಮ್ರದ ವಾಷರ್ ತಂದೆ. ಆ ಅಳತೆಯ ಡೀಸೆಲ್ ಪೈಪು ಅಂಗಡಿಯಲ್ಲಿ ಇರಲಿಲ್ಲ. ಹುಬ್ಬಳ್ಳಿಯಿಂದ ಬರಬೇಕು, ಮೂರು ದಿನ ಆಗುತ್ತದೆ ಎಂದರು.

ಆದರೆ ಆ ಅಳತೆಯ ಬೇರೆ ಪೈಪು ನಮ್ಮ ಮನೆಯಲ್ಲಿತ್ತು. ಮೊಣಕಾಲು ಹೋಗುವವರೆಗೆ ನಾನು ಮರ ಹತ್ತುವ ಕೆಲಸ ಮಾಡಿದವನು. ಅಡಿಕೆ ಕೊನೆ ಕೊಯ್ಯುವುದು, ಕೊಳೆರೋಗಕ್ಕೆ ನೀಲಿ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆಯುವುದು. ಆ ಔಷಧಿಯ ಪೈಪು ನಮ್ಮ ಕಡೆ ಯಾರ ಮನೆಯಲ್ಲೂ ಸಾಯುವುದಿಲ್ಲ. ತೂತು ಬಿದ್ದರೆ ಕತ್ತರಿಸಿ ನೀರು ತರಲು ಹಾಕುತ್ತಾರೆ. ಅದೂ ಮುಗಿದರೆ ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ, ಬೇಲಿಯ ಬಾಗಿಲಿನ ದಣಪೆ ಕಟ್ಟುತ್ತಾರೆ. ನನಗಂತೂ ಆ ಪೈಪಿನ ಮೇಲೆ ಪೂರ್ತಿ ನಂಬಿಕೆ. ಮರದ ತುದಿಯಲ್ಲಿ ಒಂದೇ ಕೈಯಲ್ಲಿ ಹಿಡಿದು ನಿಂತಾಗ, ಅಷ್ಟು ಒತ್ತಡದಲ್ಲೂ ಅದು ಒಂದು ದಿನವೂ ಒಡೆದದ್ದಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿ ಹಾಸಿ ಕೆಲಸ ಶುರುಮಾಡಿದೆ. ಅಕ್ಕ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತಳು. ಪಾನಾಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡು, ನಾನು ಕೇಳಿದ್ದನ್ನು ಎತ್ತಿಕೊಡುತ್ತಿದ್ದಳು.

"ಎಂತದಾ ತಮಾ, ಜೀಪಿಗೂ ಡಯಾಲಿಸಿಸ್ಸನಾ?" ಅಂದಳು, ನಾನು ಹಳೆ ಫಿಲ್ಟರ್ ಬಿಚ್ಚುವಾಗ.

"ಹೌದೇ. ಇದ್ಕೆ ಒಂದೇ ಸಲ ಸಾಕು."

"ಪುಣ್ಯ ಮಾಡಿದ್ದು ಬಿಡು. ಮುಂದಿನ ಜನ್ಮದಲ್ಲಿ ನಾ ಜೀಪಾಗಿ ಹುಟ್ತೆ."

ಫಿಲ್ಟರಿನ ಪೆಟ್ಟಿಗೆಯಲ್ಲಿ ಒಂದು ಕಾಗದವಿತ್ತು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಮೂವತ್ತಾರನೇ ವಯಸ್ಸಿನಲ್ಲಿ ಹೊರಗಿನಿಂದ ಕೂತು ಹತ್ತನೇ ತರಗತಿ ಪಾಸು ಮಾಡಿದವನು. ಅಂದಿನಿಂದ ಅಚ್ಚಾದ ಕಾಗದ ಸಿಕ್ಕರೆ ಒಂದು ಸಾಲೂ ಬಿಡದೆ ಓದುತ್ತೇನೆ. ಅವತ್ತೂ ಗಟ್ಟಿಯಾಗಿ ಓದಿದೆ. ವಾಷರ್ ಯಾವ ಕಡೆ, ಎಷ್ಟು ಬಿಗಿ, ಒಳಗೆ ಸೇರಿದ ಗಾಳಿ ಹೇಗೆ ತೆಗೆಯುವುದು, ಎಲ್ಲವೂ ಇತ್ತು. ಪೈಪಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಬೇರೆಲ್ಲಾದರೂ ಓದಬೇಕೆಂದು ನನಗೂ ಅನಿಸಲಿಲ್ಲ. ಪೈಪು ನನಗೆ ಗೊತ್ತಿತ್ತು.

ಎರಡು ಮೊಳ ಕತ್ತರಿಸಿ ತಂದಾಗ ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ಆಗ್ತದನಾ?"

"ಅಳತೆ ಸರೀ ಇದ್ದು. ತೊಳ್ದಿದ್ದೆ."

ಅವಳು ಪೈಪನ್ನು ವಾಪಸು ಕೊಟ್ಟಳು.

ಪೈಪಿಗೆ ನೀರು ಹಾಯಿಸಿದ್ದೆ, ಬಿಸಿಲಿಗೆ ನೇತುಹಾಕಿದ್ದೆ, ಬಾಯಿಟ್ಟು ಊದಿ ನೋಡಿದ್ದೆ. ಗಾಳಿ ಸಲೀಸಾಗಿ ಹೋಯಿತು. ಎರಡೂ ತುದಿಗೆ ಕ್ಲಿಪ್ಪು ಬಿಗಿದೆ. ಪಂಪಿನ ಪಕ್ಕದ ಕೈಗುಂಡಿ ಒತ್ತಿ ಒತ್ತಿ ಫಿಲ್ಟರಿನ ಮೇಲಿನ ಸ್ಕ್ರೂವಿನಿಂದ ಗುಳ್ಳೆ ಹೊರಡಿಸಿದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿದು ಸೆಲ್ಫ್ ಹೊಡೆದೆ. ಮೊದಲ ಸಲಕ್ಕೇ ಹಿಡಿಯಿತು. ಅಕ್ಕ ಮಡಿಲಿನ ಪಾನಾಗಳನ್ನು ಚಪ್ಪಾಳೆಯ ಹಾಗೆ ಬಡಿದಳು. ಸೋಮವಾರ ನಾಣಿಕಟ್ಟಾದಿಂದ ನಾಲ್ಕು ಚೀಲ ಹಿಂಡಿಯನ್ನೂ ತಂದೆ. ಜೀಪು ಒಂದು ಸಲವೂ ಕೆಮ್ಮಲಿಲ್ಲ.

ಮಂಗಳವಾರ ಆರೂಕಾಲಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ದಿಂಬು ಒರಗಿಸಿ ಅಕ್ಕನನ್ನು ಕೂರಿಸಿದ್ದೆ. ಕಾನಸೂರು ದಾಟಿದ ಮೇಲಿನ ಏರಿನಲ್ಲಿ ಎಂಜಿನ್ ಸೊರಗಿತು. ಕಾಲು ಒತ್ತಿದಷ್ಟೂ ಕುಗ್ಗಿ, ನಿಂತೇ ಹೋಯಿತು.

ಬಾನೆಟ್ ತೆಗೆದು ಕೈಗುಂಡಿ ಒತ್ತಿದೆ. ಗುಳ್ಳೆ. ಒತ್ತಿದಷ್ಟೂ ಗುಳ್ಳೆ. ಕೊನೆಗೆ ಡೀಸೆಲ್ ಬಂತು, ಎಂಜಿನ್ ಹಿಡಿಯಿತು, ಒಂದು ತಿರುವು ದಾಟಿ ಮತ್ತೆ ನಿಂತಿತು. ಹೀಗೆ ಮೂರು ಸಲ. ನಾಲ್ಕನೇ ಸಲ ಎಷ್ಟು ಒತ್ತಿದರೂ ಏನೂ ಬರಲಿಲ್ಲ. ಹೆಬ್ಬೆರಳಿನ ಚರ್ಮ ಸುಲಿದುಹೋಗಿತ್ತು.

ಫಿಲ್ಟರ್ ಬಿಚ್ಚಿದೆ. ತಳದಲ್ಲಿ ಹಿಟ್ಟಿನಂಥ ಬಿಳಿ ಚೂರುಗಳು, ಅಲ್ಲಲ್ಲಿ ನೀಲಿ. ಪೈಪು ಮುಟ್ಟಿದರೆ ಕ್ಲಿಪ್ಪಿನ ಬುಡದಲ್ಲಿ ಮರದ ಹಾಗೆ ಗಡುಸಾಗಿ ಸೀಳಿತ್ತು. ಅಲ್ಲಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತಿರಲಿಲ್ಲ, ಪಂಪು ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ನೀರಿಗೆ ಬಿಡದೆ ವರ್ಷಗಟ್ಟಲೆ ಪೈಪಿನ ಒಳಮೈಗೆ ಹಿಡಿದುಕೊಂಡಿದ್ದ ಸುಣ್ಣವನ್ನು ಡೀಸೆಲ್ ಎರಡೇ ದಿನದಲ್ಲಿ ಸಡಿಲಿಸಿತ್ತು. ನನ್ನ ಉಗುರಿನ ಸಂದಿಯೆಲ್ಲ ನೀಲಿ. ಈ ಬಣ್ಣ ನನಗೆ ಗೊತ್ತಿಲ್ಲದ್ದಲ್ಲ.

ಏಳು ಗಂಟೆ ದಾಟಿತ್ತು. ಫೋನಿಗೆ ಅಲ್ಲಿ ರೇಂಜ್ ಇಲ್ಲ. ಒಂದು ಬಸ್ಸು ಬಂತು. ಕೈ ಮಾಡಿದೆ, ನಿಲ್ಲಿಸಿದರು. ಬಾಗಿಲವರೆಗೂ ಕಾಲೇಜಿನ ಮಕ್ಕಳು. ಕಂಡಕ್ಟರ್ ಅಕ್ಕನ ಕಾಲನ್ನೂ ಒಳಗಿನ ಜನರನ್ನೂ ನೋಡಿ, "ಎಲ್ಲಿ ಕೂರ್ಸೋದು ಹೇಳಿ?" ಎಂದರು. ಅಕ್ಕ ಹೋಗಿ ಹೋಗಿ ಎಂದು ಕೈ ಬೀಸಿದಳು. ಎರಡು ಕಾರು ನಿಲ್ಲಿಸದೆ ಹೋದವು. ನಾನು ರಸ್ತೆಯ ಮಧ್ಯಕ್ಕೆ ಹೋಗುವುದು, ಮತ್ತೆ ಬಂದು ಅದೇ ಖಾಲಿ ಕೈಗುಂಡಿಯನ್ನು ಒತ್ತುವುದು ಮಾಡುತ್ತಿದ್ದೆ. ಹಿಂದಿನಿಂದ ಅವಳ ಉಸಿರಿನ ಸದ್ದು ಕೇಳುತ್ತಿತ್ತು.

"ತಮಾ, ಬಂದು ಕೂತ್ಕ. ಒತ್ತಿದ್ರೆ ಬರೂದಾಗಿದ್ರೆ ಇಷ್ಟೊತ್ತಿಗೆ ಬರ್ತಿತ್ತು."

ಎಂಟೂಕಾಲಿಗೆ ಹಾಲಿನ ಗಾಡಿ ಬಂತು. ಹಿಂದೆ ಕ್ಯಾನುಗಳು ತುಂಬಿದ್ದವು, ಮುಂದೆ ಒಬ್ಬರಿಗೆ ಮಾತ್ರ ಜಾಗ. ಡ್ರೈವರ್ ಇಳಿದು ನನ್ನ ಜೊತೆ ಅಕ್ಕನನ್ನು ಎತ್ತಿ ಕೂರಿಸಿದರು. ಅವರು ದಾರಿಯಲ್ಲಿ ಇನ್ನೂ ಮೂರು ಕಡೆ ಹಾಲು ತುಂಬಿಕೊಳ್ಳಬೇಕಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಿಚ್ಚಿದ ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಜೀಪನ್ನು ಅಲ್ಲೇ ಬಿಟ್ಟು, ಸಿಕ್ಕ ಬಸ್ಸು ಹತ್ತಿ ನಾನು ಆಸ್ಪತ್ರೆ ಮುಟ್ಟುವಾಗ ಹತ್ತೂವರೆ. ಅಕ್ಕ ಹೊರಗಿನ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಮಷಿನ್ ಬೇರೆಯವರಿಗೆ ಹೋಗಿತ್ತು. ಒಳಗಿನ ಸಿಸ್ಟರ್ ಒಳ್ಳೆಯವರು. "ಯಾರನ್ನ ಎಬ್ಬಿಸಲಿ ಹೇಳಿ? ಮಧ್ಯಾಹ್ನ ನಡುವೆ ಎರಡು ತಾಸು ಹೊಂದಿಸ್ತೇನೆ" ಎಂದರು. ಬೇಕಾದದ್ದು ನಾಲ್ಕು ತಾಸು. ನಾನು ಕೈಮುಗಿದೆ.

ಅಕ್ಕ ನೀರು ಕೇಳಿದಳು. ಅವಳಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆಯಿದೆ. ಬಾಟಲಿಯ ಮುಚ್ಚಳದಲ್ಲಿ ಹಾಕಿ ಕೊಟ್ಟೆ. ಕುಡಿದು, ನನ್ನ ಕೈ ಹಿಡಿದು ಉಗುರು ನೋಡಿದಳು.

"ತುತ್ತ ಅಲ್ಲನಾ ಇದು?"

ಹೂಂ ಎಂದೆ.

"ನಂಗೆ ಭಾನುವಾರನೇ ಅನಿಸಿತ್ತು." ಅವಳು ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಮದುವೆಗಿಂತ ಮುಂಚೆ ಡ್ರಮ್ಮಲ್ಲಿ ಸುಣ್ಣ ಕಲಸ್ತಿದ್ದವಳು ನಾನೇ ಅಲ್ಲನಾ? ಎಷ್ಟ್ ತೊಳೆದ್ರೂ ಅದು ಪೈಪು ಬಿಡೂದಿಲ್ಲ."

"ಹಾಂಗಾದ್ರೆ ಹೇಳೂಕೆ ಆಗ್ಲಿಲ್ಲನೇ?"

"ನೀ ಕಾಗದ ಓದ್ಕಂಡು ಮಾಡ್ತಿದ್ಯಲಾ. ಓದಿದವ್ರಿಗೆ ನಾ ಎಂತ ಹೇಳೂದು ಅಂತ ಸುಮ್ಮನಾದೆ."

ಅದನ್ನು ಅವಳು ಕುಟುಕಲೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ನಾನು ಬಾಟಲಿಯ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಅವಳನ್ನು ಒಳಗೆ ಕರೆದರು. ಎರಡು ತಾಸು ಮುಗಿದು ಹೊರಬಂದಾಗಲೂ ಪಾದದ ಊತ ಪೂರ್ತಿ ಇಳಿದಿರಲಿಲ್ಲ. ಬಾಡಿಗೆ ಗಾಡಿಯಲ್ಲಿ ಮನೆಗೆ ಕರೆತಂದೆ.

ಮರುದಿನ ಮೆಕ್ಯಾನಿಕ್ ಹೇಳಿದಂತೆ ಬಂದರು. ರಸ್ತೆ ಪಕ್ಕದಲ್ಲಿ ಆ ಪೈಪನ್ನು ಬಿಚ್ಚಿ, ಮುರಿದು, ಬಗ್ಗಿಸಿ ಒಳಗಿನ ಸುಣ್ಣ ಉದುರಿಸಿದರು. "ಏನ್ರೀ ಯಜಮಾನ್ರ, ಎಂಜಿನ್ನಿಗೂ ಕೊಳಿರೋಗದ ಔಷಧ ಹೊಡದೀರೇನು?" ಎಂದು ನಕ್ಕರು. ನನಗೂ ನಗಬೇಕೆನಿಸಿತು, ಬರಲಿಲ್ಲ. ಅವರು ತಂದ ಸರಿಯಾದ ಪೈಪು ಹಾಕಿ, ಫಿಲ್ಟರನ್ನೂ ಲೈನನ್ನೂ ತೊಳೆದು ಕೊಟ್ಟರು.

ಈಗ ಜೀಪು ಚೆನ್ನಾಗಿದೆ. ಅಕ್ಕನೂ ವಾರಕ್ಕೆರಡು ಸಲ ಹೋಗಿಬರುತ್ತಿದ್ದಾಳೆ. ಆದರೆ ರಿಪೇರಿಗೆ ಕೈ ಹಾಕಿದಾಗಲೆಲ್ಲ ನಾನು ಮೊದಲು ಅವಳ ಮುಖ ನೋಡುತ್ತೇನೆ, ಅವಳು ಏನಾದರೂ ಹೇಳದೆ ಉಳಿಸಿಕೊಂಡಿದ್ದಾಳೋ ಎಂದು. "ಎಂತ ನೋಡ್ತೆ, ಮಾಡು" ಅನ್ನುತ್ತಾಳೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಕಾನಸೂರು ದಾಟಿ ಆ ಏರು ಬಂದ ಕೂಡಲೇ ಇಬ್ಬರೂ ಎಂಜಿನ್ನಿನ ಸದ್ದು ಕೇಳುತ್ತ ಹೋಗುತ್ತೇವೆ. ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿರುತ್ತಾಳೆ. ಏರು ಮುಗಿಯುವವರೆಗೆ ಬಿಡುವುದಿಲ್ಲ.