ಅಕ್ಕ ಕಲಿತ ನಡಿಗೆ

...“ಹಿಮ್ಮಡಿ ಊರಬ್ಯಾಡ ಕಣವ್ವ, ಕುಂಟು ಕಾಣ್ತೈತೆ” ಎಂದೇನೋ ಅಮ್ಮ ಅಕ್ಕನಿಗೆ ಹೇಳುತ್ತಿದ್ದಳು, ಹೊಸದುರ್ಗದ ಮನೆಯಲ್ಲಿ. ಇವತ್ತು ಬ್ಯಾಲೆ ವ್ಯಾಯಾಮದ ವಿಡಿಯೊ ಹಾಕಿಕೊಂಡು, ಕುರ್ಚಿ ಹಿಡಿದು ತುದಿಗಾಲಲ್ಲಿ ನಿಂತಾಗ ನೆನಪಾಯಿತು.

ಅಕ್ಕನ ಎಡಗಾಲು ತುಸು ಗಿಡ್ಡ. ನನ್ನ ನೋಟ್‌ಬುಕ್ಕಿಗೆ ಬೈಂಡ್ ಹಾಕಿದ್ದ ರಷ್ಯಾದ ಪತ್ರಿಕೆಯ ಹಾಳೆಯಲ್ಲಿ ತುದಿಗಾಲಲ್ಲಿ ನಿಂತ ಒಬ್ಬ ನರ್ತಕಿಯಿದ್ದಳು. ಅವಳನ್ನು ನೋಡಿ, ಕಿಟಕಿಯ ಸರಳು ಹಿಡಿದು, ಅಕ್ಕ ಆ ಕಾಲಿನ ಹಿಮ್ಮಡಿ ಎತ್ತಿ ನಡೆಯಲು ಕಲಿತಳು.

ಹೆಣ್ಣು ನೋಡಲು ಬಂದವರು ನಡೆಸಿ ನೋಡಿದರು. ಅಕ್ಕ ನೆಟ್ಟಗೆ ನಡೆದಳು. ನಾನು ಹೆಮ್ಮೆಯಿಂದ, “ತಿಂಗಳಿಂದ ಹಿಮ್ಮಡಿ ಎತ್ತಿ ನಡೆಯಾದು ಕಲ್ತಾಳೆ” ಎಂದೆ.

“ಕಲ್ತ ನಡಿಗೆ ಎಷ್ಟ್ ದಿನ ಬರ್ತೈತ್ರಿ?” ಎಂದು ಗಂಡಿನ ತಾಯಿ ಮಂಡಕ್ಕಿ ಮುಟ್ಟದೆ ಎದ್ದಳು. ಆಮೇಲೆ ಅಕ್ಕ ಯಾರ ಮುಂದೆಯೂ ನಡೆದು ತೋರಿಸಲಿಲ್ಲ, ಮದುವೆಯೂ ಆಗಲಿಲ್ಲ.

ವಿಡಿಯೊ ನಿಲ್ಲಿಸಿದ್ದೇನೆ. ಅಕ್ಕಾ, ಆ ಸಂಜೆ ನನಗೆ ಒಂದೇಟಾದರೂ ಯಾಕೆ ಹೊಡೆಯಲಿಲ್ಲ?