ಎಣಿಕೆಗೆ ಸಿಕ್ಕ ಜಿಂಕೆಗಳು

ಅಮೆರಿಕದ ಪಾರ್ಸಿಪನಿಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಮೈಸೂರಿನವರು. ಪ್ರತಿ ಚಳಿಗಾಲ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾರೆ. ಬಿಸ್ಮಿಲ್ಲಾ ಎನ್ನದೆ ಬಾಣ ಬಿಡುವವರಲ್ಲ. ಸಿಕ್ಕ ಮಾಂಸದಲ್ಲಿ ನಮ್ಮ ಮನೆಗೂ ಒಂದು ಪಾಲು ಬರುತ್ತದೆ. ಈ ಸಲ ನಾನೂ ಜೊತೆಗೆ ಹೋಗಿದ್ದೆ. ಬೆಳಗಿನಿಂದ ಮರದ ಮೇಲಿನ ಅಟ್ಟಣೆಯಲ್ಲಿ ಮಾತಿಲ್ಲದೆ ಕೂತರೂ ಒಂದು ಜಿಂಕೆಯೂ ಸುಳಿಯಲಿಲ್ಲ.

ಹಿಂತಿರುಗುವಾಗ ಅಂಕಲ್ ಸಿಟ್ಟಾಗಿದ್ದರು. "ಜಿಂಕೆ ಜಾಸ್ತಿ ಆಗಿದೆ ಅಂತ ಸರ್ಕಾರದ ಸರ್ವೇ ಹೇಳುತ್ತೆ. ಡ್ರೋನ್ ಹಾರಿಸಿ ಎಣಿಸಿದ್ರಂತೆ! ವರ್ಷಾನುಗಟ್ಟಲೆ ಈ ಕಾಡಲ್ಲಿ ಕೂತಿರೋನು ನಾನು. ಎಲ್ಲಿವೆ, ಬಂದು ತೋರಿಸಲಿ."

ಕಾರು ಓಡಿಸುತ್ತಿದ್ದ ನಾನು ಹೈವೇ ಬಿಟ್ಟು ನನ್ನ ಹಳೆಯ ಆಫೀಸಿನ ದಾರಿಗೆ ತಿರುಗಿಸಿದೆ. ಎಲ್ಲರೂ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಆ ಕಟ್ಟಡ ಖಾಲಿ ಬಿದ್ದಿದೆ. ಅದರ ಮುಂದಿನ ಲಾನಿನ ತುಂಬ ಜಿಂಕೆಗಳು ಮೇಯುತ್ತಿದ್ದವು. ಅಲ್ಲಿ ಬೇಟೆಯಾಡುವಂತಿಲ್ಲ.

ಕಾರು ನಿಲ್ಲಿಸಿದೆ. ಅಂಕಲ್ ಕಿಟಕಿ ಇಳಿಸಿದರು. ಅಭ್ಯಾಸಬಲದಿಂದ ಅವರ ಬಾಯಲ್ಲಿ "ಬಿಸ್ಮಿಲ್ಲಾ" ಬಂದೇಬಿಟ್ಟಿತು. ಕೈ ಮಾತ್ರ ಖಾಲಿ. ಅವರ ದನಿ ಕೇಳಿಯೂ ಜಿಂಕೆಗಳು ತಲೆ ಎತ್ತಲಿಲ್ಲ.

"ಹಾಗಾದ್ರೆ ಸರ್ವೇ ಸರಿ ಇದೆ ಅಲ್ವಾ ಅಂಕಲ್?" ಎಂದೆ.

ಅವರು ಕಿಟಕಿ ಏರಿಸಿದರು.

"ಮನುಷ್ಯರಿಗೆ ಹೆದರದೇ ಇರೋದನ್ನೂ ಜಿಂಕೆ ಅಂತ ಎಣಿಸೋದಾದ್ರೆ ಸರಿ ಇದೆ, ನಡಿಯಪ್ಪ."